ಹುಬ್ಬಳ್ಳಿಯಿಂದ ದುಬೈ ಎಷ್ಟು ದೂರ, ಸಿಂಗಪುರ ಎಷ್ಟು ಹೊತ್ತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಏಷ್ಯಾದ ಊರುಗಳ ನಡುವಿನ ವಿಮಾನ ದೂರ ಮತ್ತು ಸಮಯ ಕೇಳಿ ಬಂದವು. ಉತ್ತರ ಓದುವ ಮೊದಲು ಎರಡು ಮಾತು. ಇಲ್ಲಿ ಕೊಟ್ಟಿರುವ ಕಿಲೊಮೀಟರ್ ಲೆಕ್ಕವೆಲ್ಲ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಭೂಮಿಯ ದುಂಡು ಮೈಮೇಲೆ ಅಳೆದ ಅತಿ ಹತ್ತಿರದ ದೂರ. ವಿಮಾನ ಹಾರುವ ದೂರ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಸಮಯ ಎಂದರೆ ಟಿಕೆಟ್‌ನಲ್ಲಿ ಬರೆಯುವ ಸಮಯ, ಅಂದರೆ ವಿಮಾನ ಇಲ್ಲಿನ ಗೇಟ್ ಬಿಟ್ಟಾಗಿನಿಂದ ಅಲ್ಲಿನ ಗೇಟ್ ಮುಟ್ಟುವವರೆಗೆ.

ಪ್ರಶ್ನೆ: ನಮ್ಮ ಮಗ ದುಬೈದಾಗ ಕೆಲಸಕ್ಕ ಅದಾನ್ರಿ. ನಮಗಿಬ್ಬರಿಗೂ ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ದುಬೈ ಅಂತ ಟಿಕೆಟ್ ಮಾಡ್ಸೂನು ಅಂತಾನ. ನಕಾಶೆದಾಗ ನೋಡಿದ್ರ ದುಬೈ ವಾಯವ್ಯಕ್ಕ ಐತಿ, ಬೆಂಗಳೂರು ಆಗ್ನೇಯಕ್ಕ ಐತಿ. ಹಿಂದಕ್ಕ ಹೋಗಿ ಮುಂದಕ್ಕ ಬಂದಂಗ ಆಗೂದಿಲ್ಲೇನ್ರಿ? ಎಷ್ಟ್ ಸುತ್ತ ಆಗ್ತೈತಿ?
(ಹಳೇ ಹುಬ್ಬಳ್ಳಿ)

ಉತ್ತರ: ನಕಾಶೆ ನೋಡಿ ನೀವು ಹಿಡಿದದ್ದು ಸರಿಯಾಗಿಯೇ ಇದೆ, ಯಜಮಾನರೇ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದುಬೈಗೆ ನೇರ ದೂರ ಸುಮಾರು 2,330 ಕಿ.ಮೀ. ಬೆಂಗಳೂರಿನ ಮೇಲೆ ಹೋದರೆ ಮೊದಲು 370, ಆಮೇಲೆ 2,695, ಒಟ್ಟು 3,065 ಕಿ.ಮೀ. ಆಗುತ್ತದೆ. ಅಂದರೆ 735 ಕಿ.ಮೀ. ಸುತ್ತು. ಅದೇ ಮುಂಬೈ ಮೇಲೆ ಹೋದರೆ 475 ಮತ್ತು 1,925 ಸೇರಿ 2,400 ಕಿ.ಮೀ.; ಸುತ್ತು ಬರೀ 70 ಕಿ.ಮೀ. ದುಬೈಗೆ ಮುಂಬೈ ದಾರಿಯ ಮೇಲೆಯೇ ಇದೆ, ಬೆಂಗಳೂರು ಬೆನ್ನ ಹಿಂದೆ ಇದೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ವ್ಯವಸ್ಥೆ ಇಲ್ಲದ್ದರಿಂದ ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು.

ಆದರೆ ಬರೀ ಕಿಲೊಮೀಟರ್ ನೋಡಿ ಟಿಕೆಟ್ ಬದಲಾಯಿಸಬೇಡಿ. ಜೆಟ್ ವಿಮಾನಕ್ಕೆ 735 ಕಿ.ಮೀ. ಎಂದರೆ ಐವತ್ತೈದು ನಿಮಿಷದ ಮಾತು. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆಯ ಮೇಲೆ ಹತ್ತು ನಿಮಿಷ ಹಿಡಿದರೆ ಮುಂಬೈಯಿಂದ ಮೂರೂಕಾಲು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಉಳಿಸಲು ಮುಂಬೈಯ ಕುರ್ಚಿಯಲ್ಲಿ ಎಂಟು ಗಂಟೆ ಕೂತರೆ ಮೈಕೈ ನೋವು ಒಂದೇ ಲಾಭ. ಎರಡೂ ದಾರಿಯಲ್ಲಿ ನಡುವಿನ ಕಾಯುವಿಕೆ ಎಷ್ಟು ಎಂದು ಮಗನಿಂದ ಕೇಳಿ ತಿಳಿದುಕೊಳ್ಳಿ. ಮೂರರಿಂದ ಐದು ಗಂಟೆಯ ಕಾಯುವಿಕೆ ಇರುವ ದಾರಿಯೇ ನಿಮ್ಮ ವಯಸ್ಸಿನವರಿಗೆ ಒಳ್ಳೆಯ ದಾರಿ, ಅದು ಬೆಂಗಳೂರಾದರೂ ಸರಿ.

ಗೋವಾದ ಮೋಪಾದಿಂದ ದುಬೈ 2,195 ಕಿ.ಮೀ. ಮಾತ್ರ. ನೇರ ವಿಮಾನ ಸಿಕ್ಕಿದರೆ ಮೂರೂವರೆ ಗಂಟೆಯೊಳಗೆ ಮುಟ್ಟಬಹುದು. ಆದರೆ ಅಲ್ಲಿಯವರೆಗೆ ಘಟ್ಟ ಇಳಿದು ಹೋಗುವ ರಸ್ತೆಗೇ ಐದು ಗಂಟೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಘಟ್ಟದ ಮಣ್ಣು ಕುಸಿದರೆ ದಿನವೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೆಚ್ಚಬೇಡಿ.

ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕೆಂದು ಬರೆಸಿರಿ. ನಡೆಯಲು ಬಂದರೂ ಬರೆಸಿರಿ, ದೊಡ್ಡ ನಿಲ್ದಾಣಗಳಲ್ಲಿ ಒಂದು ಕಿಲೊಮೀಟರ್ ನಡಿಗೆ ಸಾಮಾನ್ಯ. ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ ಹೇಳುವುದು ನಮ್ಮ ಕರ್ತವ್ಯ. ಮಗನಿಗೆಂದು ಅನಾರಸ ಕರಿದುಕೊಂಡು ಹೋಗುವುದಾದರೆ ಗಸಗಸೆ ಹಚ್ಚಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧಿತ ವಸ್ತು, ಮಾದಕ ದ್ರವ್ಯದ ಕಾನೂನಿನಡಿ ಬರುತ್ತದೆ, ಸಿಂಗಪುರದಲ್ಲೂ ಹಾಗೆಯೇ. ಮಸಾಲೆ ಪುಡಿಯಲ್ಲಿ, ಲಾಡುವಿನಲ್ಲಿ ಬೆರೆತಿದ್ದರೂ ತೊಂದರೆ ತಪ್ಪಿದ್ದಲ್ಲ. ಪೇಡೆ, ಶೇಂಗಾ ಹೋಳಿಗೆಗೆ ಅಂಥ ಅಡ್ಡಿಯಿಲ್ಲ. ಖಾರದಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲಿ ಹಾಕಿರಿ.

ಪ್ರಶ್ನೆ: ಬೆಂಗಳೂರಿನಿಂದ ಸಿಂಗಪುರಕ್ಕೆ ಟಿಕೆಟ್ ನೋಡಿದೆವು. ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6.10ಕ್ಕೆ ತಲುಪುತ್ತದೆ. ವಾಪಸ್ ಬರುವಾಗ ರಾತ್ರಿ 8ಕ್ಕೆ ಹೊರಟು 10ಕ್ಕೇ ಬೆಂಗಳೂರು. ಹೋಗಲು ಏಳು ಗಂಟೆ, ಬರಲು ಎರಡೇ ಗಂಟೆ ಹೇಗೆ? ಗದುಗಿನ ಮನೆಯಿಂದ ಹೊರಟರೆ ಒಟ್ಟು ಎಷ್ಟು ಹೊತ್ತು ಹಿಡಿದೀತು?
(ಗದಗ)

ಉತ್ತರ: ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ 6.10ರಲ್ಲಿ ಎರಡೂವರೆ ಗಂಟೆ ಕಳೆದರೆ ನಮ್ಮ ಲೆಕ್ಕದಲ್ಲಿ 3.40. ರಾತ್ರಿ 11ರಿಂದ 3.40ಕ್ಕೆ ನಾಲ್ಕು ಗಂಟೆ ನಲವತ್ತು ನಿಮಿಷ. ವಾಪಸ್ ಬರುವಾಗ ಅಲ್ಲಿನ 8 ಗಂಟೆ ಎಂದರೆ ನಮ್ಮಲ್ಲಿ 5.30. ಅಲ್ಲಿಂದ 10ಕ್ಕೆ ನಾಲ್ಕೂವರೆ ಗಂಟೆ. ದೂರ 3,180 ಕಿ.ಮೀ. ಸಿಂಗಪುರ ಇರುವುದು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸೂರ್ಯನ ಪ್ರಕಾರ ನೋಡಿದರೆ ಅದರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮಾತ್ರ ಮುಂದಿರಬೇಕಿತ್ತು. 1982ರಲ್ಲಿ ಮಲೇಷ್ಯಾದ ಜೊತೆ ಹೊಂದಿಸಿಕೊಂಡು ಈಗಿನ ವೇಳೆಗೆ ಬಂದರು. ಅದಕ್ಕೇ ಅಲ್ಲಿ ಬೆಳಗಾಗುವುದು ಏಳು ಗಂಟೆಗೆ. ಆರೂವರೆಗೆ ಹೊರಗೆ ಕಾಲಿಟ್ಟರೆ ಇನ್ನೂ ಕತ್ತಲೆ ಎಂದು ಗಾಬರಿಯಾಗಬೇಡಿ.

ಉಳಿದ ಊರುಗಳದ್ದೂ ಇಲ್ಲೇ ಹೇಳಿಬಿಡುತ್ತೇವೆ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ರಿಯಾದ್, ಜೆದ್ದಾ ಎರಡೂವರೆ ಗಂಟೆ ಹಿಂದೆ. ಕಠ್ಮಂಡು ಹದಿನೈದು ನಿಮಿಷ ಮುಂದೆ, ಢಾಕಾ ಅರ್ಧ ಗಂಟೆ, ಬ್ಯಾಂಕಾಕ್ ಒಂದೂವರೆ, ಕ್ವಾಲಾಲಂಪುರ ಮತ್ತು ಹಾಂಗ್‌ಕಾಂಗ್ ಎರಡೂವರೆ, ಟೋಕಿಯೊ ಮೂರೂವರೆ. ಕೊಲಂಬೊದ ವೇಳೆ ನಮ್ಮದೇ. ಈ ಊರುಗಳಲ್ಲಿ ಯಾವುದರಲ್ಲೂ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಇದೇ ಲೆಕ್ಕ.

ಇನ್ನು ಗದುಗಿನಿಂದ ಒಟ್ಟು ಹೊತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಊರೊಳಗಿನ ದಟ್ಟಣೆ ಸೇರಿ ಒಂದೂವರೆ ಗಂಟೆ. ಅಲ್ಲಿ ವಿಮಾನಕ್ಕೆ ಒಂದೂವರೆ ಗಂಟೆ ಮುಂಚೆ ಇರಬೇಕು. ಬೆಂಗಳೂರಿಗೆ ಒಂದೂಕಾಲು ಗಂಟೆ. ಅಲ್ಲಿ ಬದಲಾವಣೆಗೆ ನಾಲ್ಕೂವರೆ ಗಂಟೆ. ಸಿಂಗಪುರದ ಹಾರಾಟ ನಾಲ್ಕು ಗಂಟೆ ನಲವತ್ತು ನಿಮಿಷ, ಇಳಿದ ಮೇಲೆ ಇಮಿಗ್ರೇಷನ್ ಮತ್ತು ಬ್ಯಾಗಿಗೆ ಒಂದು ಗಂಟೆ. ಕೂಡಿಸಿದರೆ ಹದಿನಾಲ್ಕೂವರೆ ಗಂಟೆ. ಸಮುದ್ರ ದಾಟುವ 3,180 ಕಿ.ಮೀ.ಗೆ ಐದು ಗಂಟೆಯೂ ಇಲ್ಲ. ಮನೆಯಿಂದ ಬೆಂಗಳೂರಿನ ಗೇಟ್‌ವರೆಗಿನ ದಾರಿಯೇ ಒಂಬತ್ತು ಗಂಟೆ ತಿನ್ನುತ್ತದೆ. ಉಳಿಸುವುದಿದ್ದರೆ ಅಲ್ಲಿ ಉಳಿಸಿ. ಸಿಂಗಪುರಕ್ಕೆ ಯಾವ ಕಂಪನಿಯ ವಿಮಾನ ಹತ್ತು ನಿಮಿಷ ಬೇಗ ಎಂದು ಹುಡುಕುವುದರಲ್ಲಿ ಏನೂ ಸಿಗುವುದಿಲ್ಲ. ಒಂದು ಸಮಾಧಾನವೆಂದರೆ ಸಿಂಗಪುರಕ್ಕೆ ಬೆಂಗಳೂರು ಸರಿಯಾಗಿ ದಾರಿಯ ಮೇಲೆ ಇದೆ. ಹುಬ್ಬಳ್ಳಿಯಿಂದ ನೇರ ಗೆರೆ ಎಳೆದರೂ 3,530 ಕಿ.ಮೀ., ಬೆಂಗಳೂರಿನ ಮೇಲೆ ಹೋದರೂ 3,550. ದುಬೈಗೆ ಹೋಗುವವರಿಗೆ ಆಗುವ ಸುತ್ತು ನಿಮಗೆ ಇಲ್ಲ.

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಗೆ ಅಕ್ಷಾಂಶ–ರೇಖಾಂಶದ ಪಾಠ ಮಾಡುವಾಗ ಎರಡು ನಗರಗಳ ನಡುವಿನ ದೂರವನ್ನು ಅವರ ಕೈಯಿಂದಲೇ ಕಂಡುಹಿಡಿಸಬೇಕೆಂದಿದೆ. ಶಾಲೆಯಲ್ಲಿ ಒಂದು ಗ್ಲೋಬ್ ಇದೆ. ವಿಧಾನ ತಿಳಿಸುವಿರಾ?
(ಶಿಕ್ಷಕಿ, ಬೆಟಗೇರಿ)

ಉತ್ತರ: ಅಕ್ಕೋರೇ, ಗ್ಲೋಬ್ ಇದ್ದರೆ ಅರ್ಧ ಕೆಲಸ ಆದಂತೆಯೇ. ಮೊದಲು ದರ್ಜಿಯ ಟೇಪ್ ತಂದು ಭೂಮಧ್ಯರೇಖೆಯ ಮೇಲೆ ಗ್ಲೋಬಿನ ಸುತ್ತಳತೆ ತೆಗೆಯಿರಿ. ವ್ಯಾಸ 30 ಸೆಂ.ಮೀ. ಇರುವ ಗ್ಲೋಬ್ ಆದರೆ ಸುತ್ತಳತೆ 94.2 ಸೆಂ.ಮೀ. ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,030 ಕಿ.ಮೀ. ಭಾಗಿಸಿದರೆ ಗ್ಲೋಬಿನ ಒಂದು ಸೆಂಟಿಮೀಟರ್ ಎಂದರೆ 425 ಕಿ.ಮೀ. ನಿಮ್ಮ ಗ್ಲೋಬ್ ಚಿಕ್ಕದಿದ್ದರೆ ಇದೇ ರೀತಿ ಭಾಗಿಸಿ ನಿಮ್ಮ ಅಳತೆ ಕಂಡುಕೊಳ್ಳಿ.

ಆಮೇಲೆ ಹೊಲಿಗೆಯ ತೆಳು ದಾರ. ಗೋಣಿ ದಾರ ಬೇಡ, ದಪ್ಪವಾದರೆ ಊರೇ ಮುಚ್ಚಿಹೋಗುತ್ತದೆ. ಎಳೆದರೆ ಹಿಗ್ಗುವ ದಾರವೂ ಬೇಡ. ದಾರದ ತುದಿಯನ್ನು ಒಂದು ಮಗು ದೆಹಲಿಯ ಮೇಲೆ ಉಗುರಿನಿಂದ ಒತ್ತಿ ಹಿಡಿಯಲಿ, ಇನ್ನೊಂದು ಮಗು ಟೋಕಿಯೊದ ಮೇಲೆ ಎಳೆದು ಹಿಡಿಯಲಿ. ದಾರವನ್ನು ಬೆರಳಿನಿಂದ ಒಮ್ಮೆ ಮೀಟಿದರೆ ಅದು ತಾನಾಗಿಯೇ ಹತ್ತಿರದ ದಾರಿಗೆ ಸರಿದು ಕೂರುತ್ತದೆ. ಪೆನ್ನಿನಿಂದ ಗುರುತು ಮಾಡಿ, ತೆಗೆದು, ಸ್ಕೇಲಿನ ಮೇಲೆ ಇಡಿ. 13.8 ಸೆಂ.ಮೀ. ಬರಬೇಕು. ಗುಣಿಸಿದರೆ 5,865 ಕಿ.ಮೀ.; ಲೆಕ್ಕದಿಂದ ಬರುವ ದೂರ 5,860. ಒಂದು ಮಿಲಿಮೀಟರ್ ತಪ್ಪಿದರೆ 42 ಕಿ.ಮೀ. ತಪ್ಪುತ್ತದೆ ಎನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿರಿ.

ದಾರ ಇನ್ನೂ ಗ್ಲೋಬಿನ ಮೇಲಿದ್ದಾಗಲೇ ತೋರಿಸಬೇಕಾದ ಒಂದು ಸಂಗತಿಯಿದೆ. ದಾರದ ನಡುಭಾಗ ಎಲ್ಲಿ ಹಾದಿದೆ ನೋಡಲು ಹೇಳಿ. ಅದು ಚೀನಾದೊಳಗೆ 36 ಡಿಗ್ರಿ ಉತ್ತರಕ್ಕೂ ತುಸು ಮೇಲೆ ಇರುತ್ತದೆ. ದೆಹಲಿ 28.6 ಡಿಗ್ರಿಯಲ್ಲಿದೆ, ಟೋಕಿಯೊ 35.5 ಡಿಗ್ರಿಯಲ್ಲಿದೆ, ನಡುದಾರಿ ಎರಡಕ್ಕಿಂತಲೂ ಉತ್ತರಕ್ಕೆ! ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ನಡುಬಿಂದು 32 ಡಿಗ್ರಿಯಲ್ಲಿ ಬರುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹಚ್ಚಿದಾಗ ಆಗುವ ಮೋಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನ ಬೇರೆ ಇಲ್ಲ.

ಈಗ ಲೆಕ್ಕ. ಒಂದು ಅಕ್ಷಾಂಶ ಡಿಗ್ರಿ ಎಲ್ಲೇ ಇದ್ದರೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಮಾತ್ರ ಭೂಮಧ್ಯರೇಖೆಯಲ್ಲಿ 111 ಇದ್ದದ್ದು ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ, ಕಿತ್ತಳೆ ಹಣ್ಣಿನ ತೊಳೆ ತುದಿಯಲ್ಲಿ ಕಿರಿದಾದಂತೆ. ಎಷ್ಟು ಕಿರಿದು ಎನ್ನುವುದನ್ನು ಆ ಅಕ್ಷಾಂಶದ ಕೊಸೈನ್ ಎಂಬ ತ್ರಿಕೋನಮಿತಿಯ ಸಂಖ್ಯೆ ಹೇಳುತ್ತದೆ. ಬೆಂಗಳೂರು ವಿಮಾನ ನಿಲ್ದಾಣ 13.20 ಉತ್ತರ, 77.71 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ಅಕ್ಷಾಂಶದ ವ್ಯತ್ಯಾಸ 12.05, ಗುಣಿಸು 111, ಬಂತು 1,338 ಕಿ.ಮೀ. ರೇಖಾಂಶದ ವ್ಯತ್ಯಾಸ 22.35, ನಡುವಿನ ಅಕ್ಷಾಂಶ ಸುಮಾರು 19.2, ಅದರ ಕೊಸೈನ್ 0.944, ಆದ್ದರಿಂದ 22.35 ಗುಣಿಸು 111 ಗುಣಿಸು 0.944, ಬಂತು 2,342 ಕಿ.ಮೀ. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳು. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಕರ್ಣ 2,697. ನಿಜವಾದದ್ದು 2,695. ಎಂಟನೇ ತರಗತಿಯ ಗಣಿತದಿಂದ ಬರೀ ಎರಡು ಕಿಲೊಮೀಟರ್ ತಪ್ಪಿನೊಳಗೆ ದುಬೈ ಮುಟ್ಟಿದಂತಾಯಿತು! ಕೊಸೈನ್ ಮಕ್ಕಳಿಗೆ ಇನ್ನೂ ಗೊತ್ತಿರುವುದಿಲ್ಲ. ಹಲಗೆಯ ಮೇಲೆ ಕೋಷ್ಟಕ ಬರೆದುಕೊಡಿ: 10 ಡಿಗ್ರಿಗೆ 0.985, 20ಕ್ಕೆ 0.940, 30ಕ್ಕೆ 0.866, 40ಕ್ಕೆ 0.766.

ದೂರ ಹೆಚ್ಚಿದಂತೆ ಈ ವಿಧಾನ ಹಿಡಿತ ಕಳೆದುಕೊಳ್ಳುತ್ತದೆ. ದೆಹಲಿ–ಟೋಕಿಯೊಗೆ ಇದೇ ಲೆಕ್ಕ ಹಾಕಿದರೆ ಸುಮಾರು ನೂರು ಕಿಲೊಮೀಟರ್ ಹೆಚ್ಚು ಬರುತ್ತದೆ, ಯಾಕೆಂದರೆ ತ್ರಿಭುಜ ಚಪ್ಪಟೆ, ಭೂಮಿ ದುಂಡು. ಹತ್ತನೇ ತರಗತಿಯವರಿಗಾದರೆ ಪೂರ್ತಿ ಸೂತ್ರ ಕೊಡಬಹುದು. ಎರಡೂ ಊರುಗಳ ಅಕ್ಷಾಂಶದ ಸೈನ್‌ಗಳನ್ನು ಗುಣಿಸಿ ಬದಿಗಿಡಿ. ಎರಡೂ ಅಕ್ಷಾಂಶದ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಅದಕ್ಕೆ ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ಕ್ಯಾಲ್ಕುಲೇಟರ್‌ನಲ್ಲಿ ತಿರುಗಿಸಿ ನೋಡಿ, ಆ ಡಿಗ್ರಿಯನ್ನು 111.2ರಿಂದ ಗುಣಿಸಿ. ಬೆಂಗಳೂರು–ಸಿಂಗಪುರಕ್ಕೆ 0.0054 ಮತ್ತು 0.8727 ಕೂಡಿ 0.8781 ಬರುತ್ತದೆ, ಕೋನ 28.58 ಡಿಗ್ರಿ, ದೂರ 3,178 ಕಿ.ಮೀ.

ಮಕ್ಕಳು ಹೆಚ್ಚಾಗಿ ಎಡವುವುದು ಎರಡು ಕಡೆ. ಹುಬ್ಬಳ್ಳಿ ನಿಲ್ದಾಣ 15 ಡಿಗ್ರಿ 21 ನಿಮಿಷ 42 ಸೆಕೆಂಡ್ ಉತ್ತರ. ಇದನ್ನು 15.21 ಎಂದು ಬರೆಯುತ್ತಾರೆ. 21 ಮಿನಿಟನ್ನು 60ರಿಂದ, 42 ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸಿದರೆ 15.36 ಎಂದಾಗಬೇಕು. 15.21 ಎಂದು ಹಿಡಿದರೆ 17 ಕಿ.ಮೀ. ತಪ್ಪಿತು, ಅಂದರೆ ಹುಬ್ಬಳ್ಳಿಯ ವಿಮಾನ ಊರು ಬಿಟ್ಟು ದಕ್ಷಿಣದ ಹೊಲದಲ್ಲಿ ಇಳಿದಂತೆ. ಎರಡನೆಯದು ಮೊಬೈಲ್ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇರದೆ ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ ಇರುವುದು. ಶುರು ಮಾಡುವ ಮುಂಚೆ ಕೊಸೈನ್ 60 ಒತ್ತಿಸಿ. 0.5 ಬಂದರೆ ಸರಿ. ಮೈನಸ್ 0.95 ಬಂದರೆ ರೇಡಿಯನ್‌ನಲ್ಲಿದೆ, ಬದಲಿಸಿ.

ದೂರ ಸಿಕ್ಕ ಮೇಲೆ ಹೊತ್ತು ಸುಲಭ. ಕಿಲೊಮೀಟರನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 35 ನಿಮಿಷ ಸೇರಿಸಿ. ಆ 35 ನಿಮಿಷ ಪೂರ್ತಿ ವೇಗದ ಹಾರಾಟದ್ದಲ್ಲ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ನಿಧಾನವಾಗಿ ಏರುವುದು ಇಳಿಯುವುದು, ಇವಕ್ಕೆ ಹೋಗುವ ಹೊತ್ತು. 35,000 ಅಡಿಯಿಂದ ಇಳಿಯಲು ಪೈಲಟ್‌ಗಳು ಊರಿಗೆ ಸುಮಾರು 200 ಕಿ.ಮೀ. ಮುಂಚೆಯೇ ಶುರುಮಾಡುತ್ತಾರೆ, ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಎನ್ನುವುದು ಅವರ ಬಾಯಿಲೆಕ್ಕ, ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಬೆಂಗಳೂರು–ಸಿಂಗಪುರಕ್ಕೆ ಹಾಕಿ ನೋಡಿ: 3,178 ಭಾಗಿಸು 800, ನಾಲ್ಕು ಗಂಟೆಗೆ ಒಂದೆರಡು ನಿಮಿಷ ಕಡಿಮೆ, 35 ಸೇರಿಸಿದರೆ ನಾಲ್ಕು ಗಂಟೆ 33 ನಿಮಿಷ.

ಪ್ರಶ್ನೆ: ಹಾಗಿದ್ದರೆ ಹುಬ್ಬಳ್ಳಿಯಿಂದ ಬೆಂಗಳೂರಿನ 370 ಕಿ.ಮೀ.ಗೆ ಒಂದೂಕಾಲು ಗಂಟೆ ಯಾಕೆ?
(ಹಾವೇರಿ)

ಉತ್ತರ: ಈ ದಾರಿಯಲ್ಲಿ ಹೆಚ್ಚಾಗಿ ಓಡುವುದು ಪಂಖದ ಎಟಿಆರ್ 72 ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಜೆಟ್‌ಗೆ 800ರಿಂದ ಭಾಗಿಸಿದಂತೆ ಇದಕ್ಕೆ 450ರಿಂದ ಭಾಗಿಸಿ 25 ನಿಮಿಷ ಸೇರಿಸಿ: ಒಂದೂಕಾಲು ಗಂಟೆ ಬರುತ್ತದೆ. ಜೆಟ್ ಹಾಕಿದರೂ ಇಷ್ಟು ಸಣ್ಣ ದೂರದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಉಳಿಯದು, ಏರುವುದರಲ್ಲಿ ಇಳಿಯುವುದರಲ್ಲೇ ದಾರಿ ಮುಗಿಯುತ್ತದೆ. ಎಟಿಆರ್‌ನ ತಲೆಮೇಲಿನ ಗೂಡು ಚಿಕ್ಕದು. ಗಾಲಿ ಬ್ಯಾಗ್ ಅಲ್ಲಿ ಹಿಡಿಸದೆ ವಿಮಾನದ ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಪಾಸ್‌ಪೋರ್ಟ್, ಗುಳಿಗೆ, ಹಣವನ್ನು ಬೇರೆ ಸಣ್ಣ ಚೀಲದಲ್ಲಿ ಹೆಗಲಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ಉನ್ನತ ವ್ಯಾಸಂಗಕ್ಕೆ ಜಪಾನಿಗೆ ಹೊರಟಿದ್ದೇನೆ. ಟೋಕಿಯೊಗೆ ಹೋಗುವುದಕ್ಕಿಂತ ಬರಲು ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ತೋರಿಸುತ್ತದೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
(ಸಪ್ತಾಪುರ, ಧಾರವಾಡ)

ಉತ್ತರ: ಅಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯೊಳಗೆ ವಿಮಾನವೂ. ಭೂಮಿ ಕೆಳಗಿಂದ ಜಾರಿಹೋಗುವುದಾದರೆ ಪೂರ್ವಕ್ಕೆ ಹೋಗುವವರಿಗೇ ಹೊತ್ತು ಹೆಚ್ಚಾಗಬೇಕಿತ್ತು, ಇಲ್ಲಿ ಆಗುತ್ತಿರುವುದು ಅದರ ಉಲ್ಟಾ. ಕಾರಣ ಮೇಲಿನ ಗಾಳಿ. ಉತ್ತರ ಭಾರತದಿಂದ ಚೀನಾ ದಾಟಿ ಜಪಾನಿನ ಮೇಲೆ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಇದೆ. ಇದನ್ನು ಮೊದಲು ಅಳೆದು ದಾಖಲಿಸಿದವರು ಜಪಾನಿನವರೇ ಆದ ವಸಬುರೊ ಓಯಿಶಿ. ತಾತೆನೊ ಎಂಬಲ್ಲಿ ಬಲೂನು ಹಾರಿಸಿ ಅಳೆದು 1926ರಲ್ಲಿ ವರದಿ ಬರೆದರು. ಹೊರಗಿನವರೂ ಓದಲೆಂದು ಅದನ್ನು ಎಲ್ಲ ದೇಶದವರಿಗೂ ಒಂದೇ ಇರಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದದ್ದರಿಂದ ಆಗ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಲೆಕ್ಕ ಹಾಕಿ ನೋಡಿ. ದೆಹಲಿ–ಟೋಕಿಯೊ 5,860 ಕಿ.ಮೀ., ವಿಮಾನದ ವೇಗ ಗಂಟೆಗೆ 850, ದಾರಿಯುದ್ದಕ್ಕೂ ಸರಾಸರಿ ಗಾಳಿ 100 ಎಂದಿಟ್ಟುಕೊಳ್ಳಿ. ಹೋಗುವಾಗ 950ರ ವೇಗ, ಆರು ಗಂಟೆ ಹತ್ತು ನಿಮಿಷ. ಬರುವಾಗ 750ರ ವೇಗ, ಏಳು ಗಂಟೆ ನಲವತ್ತೊಂಬತ್ತು ನಿಮಿಷ. ವ್ಯತ್ಯಾಸ ಒಂದು ಗಂಟೆ ಮೂವತ್ತೊಂಬತ್ತು ನಿಮಿಷ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಅಷ್ಟೇ ಕಸಿದುಕೊಳ್ಳುತ್ತದೆ ಎಂದು ತೋರುತ್ತದೆ, ಹಾಗಿಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆ ಸೇರಿ ಹದಿಮೂರು ಗಂಟೆ ನಲವತ್ತೇಳು ನಿಮಿಷ ಆಗುತ್ತಿತ್ತು. ಗಾಳಿ ಇದ್ದಾಗ ಹನ್ನೆರಡು ನಿಮಿಷ ಹೆಚ್ಚು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದಲ್ಲ, ಅದಕ್ಕೆ.

ದೆಹಲಿಯಿಂದ ಹೊರಟ ವಿಮಾನ ಗ್ಲೋಬಿನ ಮೇಲಿನ ದಾರದಂತೆ ಟಿಬೆಟ್ ಮೇಲೆ ನೇರ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿಹೋದರೆ ವಿಮಾನ 10,000 ಅಡಿಗೆ, ಅಂದರೆ ಸುಮಾರು ಮೂರು ಸಾವಿರ ಮೀಟರ್‌ಗೆ ಇಳಿಯಬೇಕು. ತಲೆಮೇಲಿನಿಂದ ಬೀಳುವ ಮುಖವಾಡದ ಆಮ್ಲಜನಕ ಹೆಚ್ಚಿನ ವಿಮಾನಗಳಲ್ಲಿ ಹದಿನೈದು ನಿಮಿಷದ ಆಸುಪಾಸು ಮಾತ್ರ. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರ, ಇಳಿಯಲು ಜಾಗವೆಲ್ಲಿ? ಅದಕ್ಕೆ ದಕ್ಷಿಣಕ್ಕೆ ಬಾಗಿ, ಮ್ಯಾನ್ಮಾರ್ ಕಡೆಯಿಂದ ಚೀನಾದೊಳಗೆ ಹೋಗುವ ದಾರಿ. ನೀವು ಬೆಂಗಳೂರಿನಿಂದ ನೇರ ಹೋಗುವುದಾದರೆ ಟೋಕಿಯೊದ ನರಿತಾ ನಿಲ್ದಾಣಕ್ಕೆ 6,700 ಕಿ.ಮೀ.; ಟಿಬೆಟ್ಟಿನ ಸುತ್ತು ಅಲ್ಲಿಂದ ಬಹುಮಟ್ಟಿಗೆ ತಪ್ಪುತ್ತದೆ. ಟೋಕಿಯೊಗೆ ಎರಡು ನಿಲ್ದಾಣ. ಹನೇಡಾ ಊರಿಗೆ ಅಂಟಿಕೊಂಡಿದೆ, ನರಿತಾ ಅರವತ್ತು ಕಿ.ಮೀ. ಆಚೆ ಇದೆ. ನಿಮ್ಮ ವಸತಿ ಎಲ್ಲಿ ಎಂದು ನೋಡಿಕೊಂಡು ಟಿಕೆಟ್ ಮಾಡಿಸಿ.

ನಮ್ಮ ಕಡೆಯ ಆಕಾಶದಲ್ಲಿ ಇದರ ಉಲ್ಟಾ ಗಾಳಿಯೂ ಇದೆ. ಮಳೆಗಾಲದ ನಾಲ್ಕು ತಿಂಗಳು ದಕ್ಷಿಣ ಭಾರತದ ಮೇಲೆ ಹದಿನಾಲ್ಕು ಕಿ.ಮೀ. ಎತ್ತರದ ಸುಮಾರಿಗೆ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಬೀಸುತ್ತದೆ. ಅದನ್ನು ಜಗತ್ತಿಗೆ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ, ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1958ರಲ್ಲಿ. ವಿಮಾನಗಳು ಅದರ ಕೆಳ ಅಂಚಿನಲ್ಲಿ ಹಾರುತ್ತವೆ. ಜುಲೈನಲ್ಲಿ ಬೆಂಗಳೂರಿನಿಂದ ದುಬೈಗೆ ಹೋಗುವವರು ನಿಗದಿಗಿಂತ ಮುಂಚೆ ಮುಟ್ಟಿದರೆ ಆ ಗಾಳಿಯೂ ಒಂದು ಕಾರಣವಿರಬಹುದು.

ಪ್ರಶ್ನೆ: ಹುಬ್ಬಳ್ಳಿ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ಬ್ಯಾಂಕಾಕ್ ಬೇರೆ ಟಿಕೆಟ್ ತೆಗೆದರೆ ಅಗ್ಗ ಆಗುತ್ತದೆ. ನಡುವೆ ಎರಡೂವರೆ ಗಂಟೆ ಇದೆ. ಸಾಕಾಗುತ್ತದೆಯೇ?
(ರಾಣೆಬೆನ್ನೂರು)

ಉತ್ತರ: ಸಾಕಾಗುವುದಿಲ್ಲ. ಬ್ಯಾಗ್ ಬೆಲ್ಟಿಗೆ ಬರಲು ಅರ್ಧ ಗಂಟೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಹುಬ್ಬಳ್ಳಿಯಿಂದ ಹೋದ ನೀವು ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ ಹೊರಗೆ ಬಂದು ಶಟಲ್ ಬಸ್ ಹಿಡಿದು ಹೋಗಲು ಇನ್ನೊಂದು ಅರ್ಧ ಗಂಟೆ. ಹೊರದೇಶದ ಕೌಂಟರ್ ವಿಮಾನಕ್ಕೆ 60ರಿಂದ 75 ನಿಮಿಷ ಮುಂಚೆಯೇ ಮುಚ್ಚುತ್ತದೆ. ನಿಮ್ಮ ಎರಡೂವರೆ ಗಂಟೆಯಲ್ಲಿ ಕೈಗೆ ಉಳಿಯುವುದು ಹದಿನೈದರಿಂದ ಮೂವತ್ತು ನಿಮಿಷ. ಜುಲೈ–ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಮೇಲೆ ಕೆಳಮೋಡ ಕವಿದರೆ ವಿಮಾನ ಅಷ್ಟು ತಡವಾಗುವುದು ದೊಡ್ಡ ಮಾತಲ್ಲ.

ಒಂದೇ ಟಿಕೆಟ್, ಒಂದೇ ಪಿಎನ್‌ಆರ್ ಆಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಕಂಪನಿಗೆ ನೀವು ಹೇಳದೆ ಬಾರದೆ ಉಳಿದವರು, ಅಷ್ಟೇ, ಹಣ ಹೋಯಿತು. ಲಗೇಜಿನದೂ ತೊಡಕು ಇದೆ. ದೇಶದೊಳಗಿನ ಸಾದಾ ಟಿಕೆಟ್‌ಗೆ 15 ಕೆ.ಜಿ., ಹೊರದೇಶದ್ದಕ್ಕೆ 20ರಿಂದ 30 ಕೆ.ಜಿ. ಇರಬಹುದು. ಬೇರೆ ಟಿಕೆಟ್ ತೆಗೆದವರು ಹುಬ್ಬಳ್ಳಿ ಕೌಂಟರ್‌ನಲ್ಲೇ ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಬೇಕಾಗುತ್ತದೆ, ಉಳಿತಾಯ ಅಲ್ಲಿಗೇ ಮುಗಿಯಿತು. ಹಾಗೂ ಬೇರೆಯೇ ತೆಗೆಯುವುದಾದರೆ ನಡುವೆ ನಾಲ್ಕೂವರೆ ಗಂಟೆ ಇಡಿ, ಮಳೆಗಾಲದಲ್ಲಿ ಆರು. ಅಥವಾ ಹಿಂದಿನ ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ಮೆಜೆಸ್ಟಿಕ್ ಇಳಿದು ವಾಯುವಜ್ರ ಬಸ್ಸಿನಲ್ಲಿ ಹೋಗಿ. ರಾಣೆಬೆನ್ನೂರಿನವರಿಗೆ ರೈಲು ಊರಲ್ಲೇ ಸಿಗುತ್ತದೆ, ಹಿಂದಕ್ಕೆ ಹುಬ್ಬಳ್ಳಿಗೆ ಹೋಗುವುದೇ ಬೇಡ.

ಬ್ಯಾಂಕಾಕ್‌ಗೂ ಎರಡು ನಿಲ್ದಾಣ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ಹೋಗುವುದು ಒಂದಕ್ಕೆ, ಬರುವುದು ಇನ್ನೊಂದರಿಂದ ಎಂದು ಟಿಕೆಟ್ ಆಗಿರುತ್ತದೆ, ಜನ ನೋಡುವುದಿಲ್ಲ. ಊರಿನ ಹೆಸರಲ್ಲ, ಮೂರಕ್ಷರದ ಕೋಡ್ ಓದಿ: ಬಿಕೆಕೆ ಎಂದರೆ ಸುವರ್ಣಭೂಮಿ, ಡಿಎಂಕೆ ಎಂದರೆ ಡಾನ್ ಮುವಾಂಗ್. ಗೋವಾದ್ದೂ ಹೀಗೆಯೇ: ಜಿಒಐ ದಾಬೋಲಿಂ, ಜಿಒಎಕ್ಸ್ ಮೋಪಾ.

ಪ್ರಶ್ನೆ: ಮಗಳು ಕಝಾಕ್‌ಸ್ತಾನದ ಅಲ್ಮಾಟಿಯಲ್ಲಿ ಎಂಬಿಬಿಎಸ್ ಸೇರುವವಳಿದ್ದಾಳೆ. ದೆಹಲಿಯಿಂದ ಹತ್ತಿರ ಎನ್ನುತ್ತಾರೆ, ಆದರೆ ಟಿಕೆಟ್ ನೋಡಿದರೆ ಎಲ್ಲೆಲ್ಲೋ ಸುತ್ತಿಸುತ್ತಿದೆ.
(ಮುಂಡರಗಿ)

ಉತ್ತರ: ಹತ್ತಿರ ನಿಜ. ಅಲ್ಮಾಟಿ ದೆಹಲಿಯ ನೇರ ಉತ್ತರಕ್ಕಿದೆ, ಎರಡರ ರೇಖಾಂಶವೂ 77 ಡಿಗ್ರಿ. ದೂರ ಸುಮಾರು 1,645 ಕಿ.ಮೀ., ಅಂದರೆ ಮುಂಬೈ–ದುಬೈಗಿಂತಲೂ ಕಡಿಮೆ. ಆದರೆ ನಡುವೆ ಹಿಮಾಲಯ, ಕಾರಕೋರಂ ಇವೆ. ಅವುಗಳ ಪಶ್ಚಿಮಕ್ಕೆ ಬಾಗಿ ಪಾಕಿಸ್ತಾನದ ಆಕಾಶ ದಾಟಿ ಹೋಗುವುದು ರೂಢಿಯ ದಾರಿ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು. ಆ ಸುತ್ತು ಹಾಕಲು ಸಣ್ಣ ಜೆಟ್‌ಗಳಿಗೆ ಇಂಧನ ಸಾಲದೆ ಇಂಡಿಗೊ ಆ ತಿಂಗಳ ಕೊನೆಗೇ ದೆಹಲಿ–ಅಲ್ಮಾಟಿ ವಿಮಾನ ನಿಲ್ಲಿಸಬೇಕಾಯಿತು. 2019ರಲ್ಲೂ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ ಆ ಆಕಾಶದ ಹೆಚ್ಚಿನ ದಾರಿಗಳು ಮುಚ್ಚಿದ್ದವು. 2025ರ ನಿರ್ಬಂಧ ಭಾರತದ ಕಂಪನಿಗಳಿಗೆ ಮಾತ್ರ, ಬೇರೆ ದೇಶದ ಕಂಪನಿಗಳ ವಿಮಾನಕ್ಕೆ ಅಲ್ಲ. ಆದ್ದರಿಂದ ಟಿಕೆಟ್ ಹುಡುಕುವಾಗ ಕಝಾಕ್‌ಸ್ತಾನದ ಕಂಪನಿಯ ನೇರ ವಿಮಾನ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಮಾತ್ರ ಗಲ್ಫ್ ಮೂಲಕ ಸುತ್ತುವ ಟಿಕೆಟ್ ನೋಡಿ. ಗಲ್ಫ್ ಮೂಲಕವೇ ಆದರೆ ದೆಹಲಿಗೆ ಹೋಗುವ ಅಗತ್ಯವೇ ಇಲ್ಲ, ಬೆಂಗಳೂರು ಅಥವಾ ಮುಂಬೈಯಿಂದಲೇ ಒಂದೇ ಟಿಕೆಟ್ ಮಾಡಿಸಿ. ಚಳಿಗಾಲದ ಬಟ್ಟೆಯಲ್ಲಿ ಒಂದು ಜೊತೆ ಕೈಚೀಲದಲ್ಲೇ ಇರಲಿ: ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿ, ದೊಡ್ಡ ಬ್ಯಾಗ್ ಒಂದು ದಿನ ತಡವಾಗಿ ಬಂದರೆ ಹುಡುಗಿ ಹತ್ತಿ ಬಟ್ಟೆಯಲ್ಲಿ ಹೊರಗೆ ಕಾಲಿಡುವಂತಾಗಬಾರದು.